ಅಂಡಮಾನೋ, ಲಕ್ಷದ್ವೀಪವೋ: ನಮ್ಮ ಮನೆಯಲ್ಲಿ ತೀರ್ಮಾನವಾದ ಬಗೆ

ಸಮುದ್ರ ನೋಡಬೇಕು ಅಂದರೆ ವಿಜಯಪುರದವರಿಗೆ ಗೋವಾ, ಗೋಕರ್ಣ, ಮುರುಡೇಶ್ವರ ಇದ್ದೇ ಇವೆ. ನಾವೂ ಅಲ್ಲೆಲ್ಲ ಹೋಗಿ ಬಂದವರೇ. ಆದರೆ ಆ ದಡಗಳಲ್ಲಿ ನೀರಿನ ತಳ ಕಾಣುವುದು ಕಡಿಮೆ. ಘಟ್ಟದಿಂದ ಇಳಿಯುವ ಹೊಳೆಗಳು ಮಣ್ಣು ತಂದು ಹಾಕುತ್ತವೆ, ಅಲೆಗಳು ಅದನ್ನು ಕಲಕುತ್ತಲೇ ಇರುತ್ತವೆ. ಮಕ್ಕಳಿಗೆ ಬೇಕಾಗಿದ್ದು ನೀಲಿ ನೀರು, ಹವಳ, ಬಣ್ಣಬಣ್ಣದ ಮೀನು. ನಮ್ಮ ದೇಶದಲ್ಲಿ ಅದಕ್ಕೆ ಹೆಸರಾದ ಜಾಗ ಎರಡು. ಬಂಗಾಳ ಕೊಲ್ಲಿಯ ಅಂಡಮಾನ್, ಅರಬ್ಬಿ ಸಮುದ್ರದ ಲಕ್ಷದ್ವೀಪ.

ಎರಡರ ಫೋಟೋಗಳನ್ನು ಪಕ್ಕಪಕ್ಕ ಇಟ್ಟರೆ ಏನೂ ತೀರ್ಮಾನ ಆಗುವುದಿಲ್ಲ. ಎರಡೂ ಚೆಂದವೇ. ಹಾಗಾಗಿ ನಾನು ಬೀಚುಗಳ ಪಟ್ಟಿ ಬದಿಗಿಟ್ಟು, ನಮ್ಮ ಮನೆಯವರ ಪಟ್ಟಿ ಬರೆದೆ. ಯಾರು ನೀರಿಗೆ ಇಳಿಯುತ್ತಾರೆ, ಯಾರು ದಡದಲ್ಲಿ ಕೂರುತ್ತಾರೆ, ಯಾರಿಗೆ ಏನು ಊಟ ಸೇರುತ್ತದೆ, ನಮಗೆ ರಜೆ ಯಾವಾಗ. ಅತ್ತೆಗೆ ಮೊಣಕಾಲು ನೋವು, ಶುದ್ಧ ಸಸ್ಯಾಹಾರ. ಮಕ್ಕಳಿಗೆ ಈಜು ಬರುವುದಿಲ್ಲ. ಗಂಡ ಹೊಲದ ಬಾವಿಯಲ್ಲಿ ಈಜು ಕಲಿತವರು. ನಾನು ಶಾಲೆಯಲ್ಲಿ ಪಾಠ ಮಾಡುವವಳು. ಅಂದರೆ ದಸರೆ ರಜೆ, ಇಲ್ಲವೇ ಬೇಸಿಗೆ ರಜೆ. ಇವೆರಡು ಬಿಟ್ಟರೆ ಬೇರೆ ದಾರಿ ಇಲ್ಲ.

ಮೊದಲು ರಜೆಯ ಲೆಕ್ಕ. ದಸರೆ ಹೊತ್ತಿಗೆ ಅಂಡಮಾನಿನಲ್ಲಿ ಇನ್ನೂ ಮಳೆ ಇರುತ್ತದೆ. ಅಲ್ಲಿಗೆ ನೈಋತ್ಯ ಮುಂಗಾರು ನಮಗಿಂತ ಮೊದಲೇ, ಮೇ ಮೂರನೇ ವಾರದ ಹೊತ್ತಿಗೆ ಬಂದುಬಿಡುತ್ತದೆ. ಅದು ಹೋಗುವಷ್ಟರಲ್ಲಿ ಹಿಂಗಾರು ಶುರು. ಅಕ್ಟೋಬರ್, ನವೆಂಬರ್ ಬಂಗಾಳ ಕೊಲ್ಲಿಯ ಚಂಡಮಾರುತದ ಕಾಲ ಕೂಡ. ಲಕ್ಷದ್ವೀಪದಲ್ಲಿ ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಕಡಲು ಒರಟು, ಹಡಗು, ದೋಣಿ ಕಡಿಮೆ. ದಸರೆಗೆ ಅದು ತೆರೆದಿರುತ್ತದೆ. ಅಂದರೆ ದಸರೆ ರಜೆ ಆದರೆ ಲಕ್ಷದ್ವೀಪ, ಬೇಸಿಗೆ ರಜೆ ಆದರೆ ಎರಡೂ ಆಗುತ್ತವೆ, ಆದರೆ ಏಪ್ರಿಲ್‌ನಲ್ಲೇ ಹೋಗಿ ಬರಬೇಕು. ಅಂಡಮಾನಿನ ಕಡಲು ಫೆಬ್ರವರಿಯಿಂದ ಏಪ್ರಿಲ್‌ವರೆಗೆ ತುಂಬಾ ಶಾಂತವಾಗಿರುತ್ತದೆ. ನಮ್ಮ ಊರಿನಲ್ಲಿ ಬಿಸಿಲು 40 ಡಿಗ್ರಿ ಮುಟ್ಟುವ ಹೊತ್ತಿಗೆ ಅಲ್ಲಿ 32ರ ಆಸುಪಾಸು. ಬೆವರು ಮಾತ್ರ ಜಾಸ್ತಿ. ನಮ್ಮದು ಒಣ ಬಿಸಿಲು, ಅಲ್ಲಿನದು ಮೈಗೆ ಅಂಟುವ ಸೆಕೆ.

ಮಕ್ಕಳ ದೃಷ್ಟಿಯಿಂದ ನೋಡಿದರೆ ಲಕ್ಷದ್ವೀಪವೇ ಮೇಲು. ಇದನ್ನು ನಾನು ಈಗಲೂ ಹೇಳುತ್ತೇನೆ. ಅಲ್ಲಿನ ದ್ವೀಪಗಳು ಹವಳದಿಂದಲೇ ಆದವು. ದ್ವೀಪದ ಒಂದು ಬದಿಗೆ ಹವಳದ ದಿಬ್ಬ ಗೋಡೆಯ ಹಾಗೆ ನಿಂತಿರುತ್ತದೆ. ಹೊರಗಿನ ಕಡಲಿನ ಅಲೆ ಅಲ್ಲೇ ಒಡೆದು ಸುಸ್ತಾಗುತ್ತದೆ. ಒಳಗೆ ಉಳಿಯುವುದು ಲಗೂನ್. ತಿಳಿ ನೀರು, ಬಿಳಿ ಮರಳು, ಎಷ್ಟೋ ದೂರ ಎದೆಮಟ್ಟ ಕೂಡ ಬರದ ಆಳ. ಈಜು ಬಾರದ ಮಗುವಿಗೆ ಲೈಫ್ ಜಾಕೆಟ್ ಹಾಕಿ, ಕೈ ಹಿಡಿದು, ಹವಳ ತೋರಿಸಬಹುದು. ಬಂಗಾರಂ, ಕಡಮತ್, ಅಗತ್ತಿ, ಮಿನಿಕಾಯ್ ಎಲ್ಲ ಕಡೆ ಈ ಲಗೂನ್ ಇದೆ. ಒಟ್ಟು 36 ದ್ವೀಪ ಸೇರಿದರೂ ನೆಲ ಬರೀ 32 ಚದರ ಕಿಲೋಮೀಟರ್. ನಮ್ಮ ಜಿಲ್ಲೆಯ ಎರಡು ಮೂರು ಹಳ್ಳಿಗಳ ಹೊಲ ಸೇರಿಸಿದರೆ ಅಷ್ಟಾದೀತು.

ಕನ್ನಡಿಗರಿಗೆ ಆ ದ್ವೀಪಗಳ ಜೊತೆ ಹಳೇ ನಂಟೂ ಇದೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಇವು ಅಮಿನಿದಿವಿ ಗುಂಪಿನ ದ್ವೀಪಗಳು. 1956ರವರೆಗೆ ಇವು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು, ಆಡಳಿತ ಮಂಗಳೂರಿನಿಂದ ನಡೆಯುತ್ತಿತ್ತು. ತೆಂಗಿನ ನಾರು ಹೇರಿಕೊಂಡು ಅವರ ಓಡಗಳು ಮಂಗಳೂರಿಗೆ ಬರುತ್ತಿದ್ದವು, ಅಕ್ಕಿ ಒಯ್ಯುತ್ತಿದ್ದವು. ಇದನ್ನು ತಿಳಿದ ಮೇಲೆ ನನಗೆ ಆ ಕಡೆಯೇ ಮನಸ್ಸು ವಾಲಿತ್ತು.

ಹಾಗಿದ್ದರೆ ತಡೆ ಎಲ್ಲಿ? ಮೊದಲನೆಯದು ಅನುಮತಿ. ಲಕ್ಷದ್ವೀಪಕ್ಕೆ ಭಾರತೀಯರೂ ಪರ್ಮಿಟ್ ಇಲ್ಲದೆ ಹೋಗುವಂತಿಲ್ಲ. 1967ರಿಂದ ಆ ನಿಯಮ ಇದೆ. ಅಲ್ಲಿನ ಬುಡಕಟ್ಟು ಜನರ ನೆಲ, ಬದುಕು ಉಳಿಯಲಿ ಎಂಬ ಕಾರಣಕ್ಕೆ ಮಾಡಿದ್ದು, ಅದು ಸರಿ ಎಂದೇ ನನ್ನ ಅಭಿಪ್ರಾಯ. ಸರ್ಕಾರಿ ಪ್ಯಾಕೇಜ್ ಹಿಡಿದರೆ ಪರ್ಮಿಟ್ ಓಡಾಟ ಅಷ್ಟಾಗಿ ಇರುವುದಿಲ್ಲ. ಅದು ದೊಡ್ಡ ತೊಡಕಲ್ಲ.

ದೊಡ್ಡ ತೊಡಕು ಅತ್ತೆಯ ಮೊಣಕಾಲು. ಕೊಚ್ಚಿಯಿಂದ ಹಡಗಿನಲ್ಲಿ ಹೋದರೆ ದ್ವೀಪಕ್ಕೆ ಅನುಸಾರ 14ರಿಂದ 18 ಗಂಟೆ. ಹಡಗಿನ ಪ್ಯಾಕೇಜಿನಲ್ಲಿ ರಾತ್ರಿ ಹಡಗಿನಲ್ಲೇ ನಿದ್ದೆ, ಹಗಲು ದ್ವೀಪ. ಕೇಳಲು ಬಹಳ ಚೆನ್ನಾಗಿದೆ. ಆದರೆ ಲಗೂನಿನ ಆಳ ಕಡಿಮೆ. ದೊಡ್ಡ ಹಡಗು ಒಳಗೆ ಬರಲಾಗದು. ಎಷ್ಟೋ ಕಡೆ ಹಡಗು ಹೊರಗೇ ನಿಂತು, ಜನ ಸಣ್ಣ ದೋಣಿಗೆ ಇಳಿಯಬೇಕು. ಹಡಗೂ ಅಲುಗುತ್ತಿರುತ್ತದೆ, ದೋಣಿಯೂ ಅಲುಗುತ್ತಿರುತ್ತದೆ. ಸಿಬ್ಬಂದಿ ಕೈ ಹಿಡಿದು ಇಳಿಸುತ್ತಾರೆ, ನಿಜ. ವಯಸ್ಸಾದವರಿಗೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, ಪ್ರತಿ ದ್ವೀಪದಲ್ಲೂ ಅದೇ ಇಳಿಯುವುದು ಹತ್ತುವುದು. ಮೆಟ್ಟಿಲು ಹತ್ತುವಾಗಲೇ ಗೋಡೆ ಹಿಡಿಯುವವರನ್ನು ಅದಕ್ಕೆ ಒಡ್ಡುವುದು ನನಗೆ ಬೇಡವಾಯಿತು.

ವಿಮಾನದಲ್ಲಿ ಹೋಗಬಹುದಲ್ವಾ ಎಂದು ಗಂಡ ಕೇಳಿದರು. ಹೋಗಬಹುದು. ವಿಮಾನ ನಿಲ್ದಾಣ ಇರುವುದು ಅಗತ್ತಿಯಲ್ಲಿ ಮಾತ್ರ. ರನ್‌ವೇ ಸುಮಾರು 1,200 ಮೀಟರ್. ಹಾಗಾಗಿ ಸಣ್ಣ ಎಟಿಆರ್ ವಿಮಾನಗಳಷ್ಟೇ ಇಳಿಯುತ್ತವೆ. 2024ರಲ್ಲಿ ಬೆಂಗಳೂರಿನಿಂದಲೂ ವಿಮಾನ ಶುರುವಾಯಿತು. ಆದರೆ ಸೀಟು ಕಡಿಮೆ, ಏಪ್ರಿಲ್‌ನಲ್ಲಿ ದ್ವೀಪದವರೇ ರಜೆಗೆ ಊರಿಗೆ ಹೋಗುವ ಹೊತ್ತು. ಐದು ಜನರಿಗೆ ಹೋಗಿ ಬರುವ ಟಿಕೆಟ್, ಅದೇ ದಿನಗಳಿಗೆ ರೂಮು, ಅದೇ ದಿನಗಳಿಗೆ ಪರ್ಮಿಟ್. ಮೂರೂ ಒಟ್ಟಿಗೆ ಕೂಡಿ ಬರಬೇಕು. ನಮಗೆ ಕೂಡಿ ಬರಲಿಲ್ಲ.

ಊಟದ ಮಾತೂ ಇತ್ತು. ಲಕ್ಷದ್ವೀಪದ ಊಟ ಅಂದರೆ ಮೀನು, ತೆಂಗಿನಕಾಯಿ, ಅನ್ನ. ತರಕಾರಿ ಬಹುಪಾಲು ಕೊಚ್ಚಿಯಿಂದಲೇ ಬರಬೇಕು. ಪ್ಯಾಕೇಜಿನವರು ಸಸ್ಯಾಹಾರ ಕೊಡುತ್ತಾರೆ, ಆದರೆ ಆಯ್ಕೆ ಕಡಿಮೆ. ಅಂಡಮಾನಿನಲ್ಲಿ ಬಂಗಾಳಿಗಳು, ತಮಿಳರು, ತೆಲುಗರು ಎಲ್ಲ ನೆಲೆಸಿದ್ದಾರೆ. ಇಡ್ಲಿ, ದೋಸೆ, ಅನ್ನ ಸಾರು ಎಲ್ಲಿ ಬೇಕಾದರೂ ಸಿಗುತ್ತದೆ. ನೀಲ್ ದ್ವೀಪದಲ್ಲಂತೂ ತರಕಾರಿ ತೋಟಗಳೇ ಇವೆ. ದೇಶ ಇಬ್ಭಾಗವಾದ ಮೇಲೆ ಪೂರ್ವ ಬಂಗಾಳದಿಂದ ಬಂದ ಕುಟುಂಬಗಳನ್ನು ಅಲ್ಲಿ ನೆಲೆಗೊಳಿಸಿದರು, ಅವರೇ ಬೆಳೆಯುತ್ತಾರೆ. ಅತ್ತೆ ಆ ಬದನೆ ತೋಟ ನೋಡಿ ಸಮುದ್ರ ನೋಡಿದ್ದಕ್ಕಿಂತ ಜಾಸ್ತಿ ಹೊತ್ತು ನಿಂತರು. ನಾವು ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಒಯ್ದಿದ್ದೆವು. ಜೋಳದ ಕಟಕ ರೊಟ್ಟಿ ಆ ಸೆಕೆಯಲ್ಲಿ ಬೇಗ ಮೆತ್ತಗಾಗುತ್ತದೆ. ಗಾಳಿಯಾಡದ ಡಬ್ಬಿ ಬೇಕೇ ಬೇಕು.

ಹೀಗೆ ಅಂಡಮಾನ್ ಎಂದು ನಿಕ್ಕಿ ಆಯಿತು. ಗೋಲಗುಂಬಜ್ ಎಕ್ಸ್‌ಪ್ರೆಸ್ ಹಿಡಿದು ಬೆಂಗಳೂರು, ಅಲ್ಲಿ ನೆಂಟರ ಮನೆಯಲ್ಲಿ ಒಂದು ರಾತ್ರಿ, ಬೆಳಗಿನ ವಿಮಾನ. ಪೋರ್ಟ್ ಬ್ಲೇರ್‌ಗೆ 2024ರ ಸೆಪ್ಟೆಂಬರ್‌ನಿಂದ ಶ್ರೀ ವಿಜಯಪುರಂ ಎಂಬ ಹೆಸರು. ನಮ್ಮ ಊರಿನ ಹೆಸರೇ ಅಲ್ಲಿಯೂ ಎಂದು ಮಕ್ಕಳಿಗೆ ಖುಷಿಯೋ ಖುಷಿ. ಭಾರತೀಯರಿಗೆ ಅಲ್ಲಿಗೆ, ಹಾಗೆಯೇ ಹ್ಯಾವ್‌ಲಾಕ್, ನೀಲ್‌ಗೆ ಪರ್ಮಿಟ್ ಬೇಡ. ಆದಿವಾಸಿಗಳ ಮೀಸಲು ಪ್ರದೇಶಕ್ಕೆ ಮಾತ್ರ ಪ್ರವೇಶವಿಲ್ಲ. ಹ್ಯಾವ್‌ಲಾಕ್ 2018ರಿಂದ ಸ್ವರಾಜ್ ದ್ವೀಪ, ನೀಲ್ ಈಗ ಶಹೀದ್ ದ್ವೀಪ. ಜನ ಇನ್ನೂ ಹಳೆಯ ಹೆಸರೇ ಹೇಳುತ್ತಾರೆ, ಬುಕಿಂಗ್ ಮಾಡುವಾಗ ಎರಡೂ ಗೊತ್ತಿರಲಿ.

ಬುಕಿಂಗ್‌ನಲ್ಲಿ ನಾನು ಹಿಡಿದ ಕ್ರಮ ಇದು: ಮೊದಲು ವಿಮಾನ, ಆಮೇಲೆ ದ್ವೀಪಗಳ ನಡುವಿನ ಫೆರಿ, ಕೊನೆಗೆ ರೂಮು. ರೂಮು ಸಿಗುತ್ತದೆ, ಫೆರಿ ಸೀಟು ಸಿಗುವುದು ಕಷ್ಟ. ಖಾಸಗಿ ಫೆರಿ ಒಂದೂವರೆ ಗಂಟೆಯಲ್ಲಿ ಹ್ಯಾವ್‌ಲಾಕ್ ಮುಟ್ಟಿಸುತ್ತದೆ. ಸರ್ಕಾರಿ ಹಡಗು ನಿಧಾನ, ಆದರೆ ದರ ತೀರಾ ಕಡಿಮೆ. ಮುಖ್ಯ ವಿಷಯ ಏನೆಂದರೆ ಎರಡೂ ಜೆಟ್ಟಿಗೇ ಬಂದು ನಿಲ್ಲುತ್ತವೆ. ಹಲಗೆಯ ಮೇಲೆ ನಡೆದು ಇಳಿಯಬಹುದು. ಅತ್ತೆ ಒಬ್ಬರೇ ಇಳಿದರು. ವಾಪಸು ಬರುವ ವಿಮಾನದ ಹಿಂದಿನ ದಿನವೇ ಪೋರ್ಟ್ ಬ್ಲೇರ್‌ನಲ್ಲಿ ಇರಬೇಕು. ಗಾಳಿ ಎದ್ದರೆ ಫೆರಿ ರದ್ದಾಗುತ್ತದೆ, ಆಗ ವಿಮಾನ ನಮಗಾಗಿ ಕಾಯುವುದಿಲ್ಲ.

ಅಲ್ಲಿ ದಿನ ಬೇಗ ಶುರುವಾಗಿ ಬೇಗ ಮುಗಿಯುತ್ತದೆ. ವಿಜಯಪುರಕ್ಕಿಂತ ಪೋರ್ಟ್ ಬ್ಲೇರ್ 17 ರೇಖಾಂಶ ಪೂರ್ವಕ್ಕಿದೆ, ಗಡಿಯಾರ ಮಾತ್ರ ಒಂದೇ. ಒಂದು ರೇಖಾಂಶಕ್ಕೆ 4 ನಿಮಿಷದಂತೆ ಲೆಕ್ಕ ಹಾಕಿದರೆ ಸೂರ್ಯ ನಮಗಿಂತ ಒಂದು ಗಂಟೆಗೂ ಮೊದಲು ಬರುತ್ತಾನೆ. ಏಪ್ರಿಲ್‌ನಲ್ಲಿ ಬೆಳಗ್ಗೆ ಐದೂಕಾಲಿಗೆ ಬೆಳಕು, ಸಂಜೆ ಐದೂವರೆಗೆ ಸೂರ್ಯಾಸ್ತ. ಹ್ಯಾವ್‌ಲಾಕ್‌ನ ರಾಧಾನಗರ ಬೀಚಿನಲ್ಲಿ ಸೂರ್ಯಾಸ್ತ ನೋಡಬೇಕಾದರೆ ನಾಲ್ಕಕ್ಕೇ ಅಲ್ಲಿರಬೇಕು. ನಮ್ಮ ಹಾಗೆ ಮಧ್ಯಾಹ್ನ ಊಟ ಮಾಡಿ ಮಲಗಿದರೆ ದಿನವೇ ಹೋಯಿತು.

ನೀರಿನ ವಿಷಯದಲ್ಲಿ ಅಂಡಮಾನಿಗೆ ಸ್ವಲ್ಪ ತಿಳಿವಳಿಕೆ ಬೇಕು. ಭರತ ಇಳಿತ ನೋಡಿಕೊಂಡೇ ಹೋಗಬೇಕು. ನೀಲ್‌ನ ಭರತ್‌ಪುರ ಬೀಚಿನಲ್ಲಿ ಇಳಿತದ ಹೊತ್ತಿಗೆ ನೀರು ಬಹಳ ದೂರ ಸರಿಯುತ್ತದೆ, ಹವಳ ಬಯಲಾಗುತ್ತದೆ, ಸ್ನಾನ ಆಗುವುದಿಲ್ಲ. ಅದೇ ಇಳಿತದಲ್ಲೇ ಲಕ್ಷ್ಮಣಪುರದ ಕಲ್ಲಿನ ಕಮಾನು ನೋಡಲು ಹೋಗಬೇಕು. ಆಗ ಬಂಡೆಗಳ ನಡುವಿನ ಗುಂಡಿಗಳಲ್ಲಿ ನಕ್ಷತ್ರಮೀನು, ಏಡಿ, ಸೌತೆಕಾಯಿ ಆಕಾರದ ಕಡಲಜೀವಿ ಕಾಣುತ್ತವೆ. ಭರತ ಬಂದರೆ ಆ ಜಾಗಕ್ಕೆ ಹೋಗಲಾಗದು. ದಿನಕ್ಕೆ ಎರಡು ಭರತ, ಎರಡು ಇಳಿತ. ದಿನದಿನಕ್ಕೆ ಅವುಗಳ ಹೊತ್ತು ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ದೊಡ್ಡದು, ಅಷ್ಟಮಿಯ ಹೊತ್ತಿಗೆ ಸಣ್ಣದು. ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿ ನಾನು ಅಷ್ಟಮಿಯ ಸುತ್ತಲಿನ ದಿನಗಳನ್ನು ನೀಲ್‌ಗೆ ಇಟ್ಟಿದ್ದೆ. ಮಕ್ಕಳಿಗೆ ದಿನಕ್ಕೆ ಜಾಸ್ತಿ ಹೊತ್ತು ನೀರು ಸಿಕ್ಕಿತು. ಸರಿಯಾದ ಸಮಯ ಮಾತ್ರ ರೂಮಿನವರನ್ನು ಕೇಳಿ ಬರೆದುಕೊಳ್ಳಬೇಕು.

ರಾಧಾನಗರದಲ್ಲಿ ಅಲೆ ಇದೆ. ಕಾಡು ದಡದವರೆಗೂ ಬಂದು ನಿಂತಿದೆ, ಎತ್ತರದ ಮರಗಳ ನೆರಳಿನಲ್ಲಿ ಅತ್ತೆ ಗಂಟೆಗಟ್ಟಲೆ ಕೂತರು. ಮಕ್ಕಳು ಲೈಫ್‌ಗಾರ್ಡ್ ಕಣ್ಣಳತೆಯಲ್ಲೇ ಇರಬೇಕು. ಅಂಡಮಾನಿನಲ್ಲಿ ಉಪ್ಪುನೀರಿನ ಮೊಸಳೆಗಳೂ ಇವೆ. ಎಚ್ಚರಿಕೆ ಬೋರ್ಡ್ ಇರುವ ಕಡೆ, ತೊರೆ ಕಡಲಿಗೆ ಸೇರುವ ಕಡೆ ಇಳಿಯಲೇಬಾರದು. ಇದರಲ್ಲಿ ಸುಮ್ನೆ ಧೈರ್ಯ ತೋರಿಸುವುದು ಬೇಡ.

ಹವಳ ನೋಡಿದ್ದು ಹ್ಯಾವ್‌ಲಾಕ್‌ನ ಎಲಿಫೆಂಟ್ ಬೀಚಿನಲ್ಲಿ. ಹವಳ ಕಲ್ಲಲ್ಲ, ಜೀವಿ. ಅದರ ಮೈಯೊಳಗೆ ಬದುಕುವ ಪಾಚಿಯೇ ಅದಕ್ಕೆ ಬಣ್ಣ, ಊಟ ಎರಡನ್ನೂ ಕೊಡುತ್ತದೆ. ನೀರು ತುಂಬಾ ದಿನ ಬಿಸಿಯಾದರೆ ಹವಳ ಆ ಪಾಚಿಯನ್ನು ಹೊರಗೆ ಹಾಕಿ ಬಿಳುಚುತ್ತದೆ, ಹಾಗೇ ಮುಂದುವರಿದರೆ ಸಾಯುತ್ತದೆ. ಅಂಡಮಾನಿನಲ್ಲಿ 2010ರಲ್ಲಿ, ಲಕ್ಷದ್ವೀಪದಲ್ಲಿ 2024ರಲ್ಲಿ ಹೀಗೆ ದೊಡ್ಡದಾಗಿ ಆಯಿತು. ಬೂದು ಬಣ್ಣದ ಸತ್ತ ಹವಳ ಅಲ್ಲಲ್ಲಿ ಕಂಡಾಗ ಮಗಳು ಕಾರಣ ಕೇಳಿದಳು. ನಾನು ಇಷ್ಟನ್ನೇ ಹೇಳಿದೆ. ಅವಳು ಆಮೇಲೆ ಒಂದು ಸಲವೂ ಹವಳದ ಮೇಲೆ ಕಾಲಿಡಲಿಲ್ಲ. ಹವಳ, ಕಪ್ಪೆಚಿಪ್ಪು ಎತ್ತಿಕೊಂಡು ಬರುವುದೂ ತಪ್ಪು. ಹವಳಕ್ಕೆ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ವಿಮಾನ ನಿಲ್ದಾಣದಲ್ಲಿ ಚೀಲ ನೋಡುತ್ತಾರೆ.

ಅಂಡಮಾನ್ ಕಡೆಗೆ ತಕ್ಕಡಿ ತೂಗಿದ್ದಕ್ಕೆ ಇನ್ನೊಂದು ಕಾರಣ ಸೆಲ್ಯುಲರ್ ಜೈಲು. ಅತ್ತೆಯದೇ ಆಸೆ ಅದು. 1896ರಿಂದ 1906ರವರೆಗೆ ಕಟ್ಟಿದ್ದು, ಏಳು ಸಾಲು ಇದ್ದವು, ಈಗ ಮೂರು ಉಳಿದಿವೆ. ಒಂದು ಸಾಲಿನ ಮುಂಬದಿ ಇನ್ನೊಂದರ ಹಿಂಬದಿಗೆ ಬರುವ ಹಾಗೆ ಕಟ್ಟಿದ್ದಾರೆ. ಕೈದಿ ಇನ್ನೊಬ್ಬ ಕೈದಿಯ ಮುಖ ನೋಡಬಾರದು ಎಂಬ ಲೆಕ್ಕ. ಅತ್ತೆ ಒಂದು ಕೋಣೆಯೊಳಗೆ ಹೋಗಿ ನಿಂತು, ಮೇಲಿನ ಸಣ್ಣ ಕಿಂಡಿ ನೋಡಿ, ಕೈ ಮುಗಿದು ಹೊರಗೆ ಬಂದರು.

ಈಗ ಯಾರಾದರೂ ಕೇಳಿದರೆ ನಾನು ಎದುರು ಪ್ರಶ್ನೆ ಹಾಕುತ್ತೇನೆ. ಮನೆಯಲ್ಲಿ ಹಿರಿಯರಿದ್ದಾರಾ, ಬೀಚಿನ ಜೊತೆ ಬೇರೆ ನೋಡುವುದೂ ಬೇಕಾ? ಹಾಗಾದರೆ ಅಂಡಮಾನ್. ಹೋಗುವವರೆಲ್ಲ ಗಟ್ಟಿಮುಟ್ಟಾಗಿದ್ದು, ದಿನವಿಡೀ ನೀರಲ್ಲೇ ಇರಬೇಕು ಅನ್ನುವವರಾ? ಲಕ್ಷದ್ವೀಪ. ಅಲ್ಲಿ ಬಂಗಾರಂ ಬಿಟ್ಟರೆ ಬೇರೆಲ್ಲೂ ಮದ್ಯ ಇಲ್ಲ ಎನ್ನುವುದನ್ನೂ ಮೊದಲೇ ಹೇಳಿಬಿಡುತ್ತೇನೆ. ಹೊಸದಾಗಿ ಮದುವೆಯಾದ ನನ್ನ ಸಹೋದ್ಯೋಗಿಯೊಬ್ಬಳು ಅಂಡಮಾನಿನ ಲೆಕ್ಕ ಹಾಕಿಕೊಂಡು ಬಂದಿದ್ದಳು. ಅವಳಿಗೆ ಕಡಮತ್‌ಗೆ ಹೋಗು ಎಂದೆ. ನಾವೂ ಮುಂದಿನ ದಸರೆ ರಜೆಗೆ ಅಲ್ಲಿಗೇ ಹೋಗಬೇಕೆಂದಿದ್ದೇವೆ. ಅತ್ತೆ ಆ ವಾರ ನಾದಿನಿಯ ಮನೆಯಲ್ಲಿ, ಬಾಗಲಕೋಟೆಯಲ್ಲಿ ಇರುತ್ತಾರಂತೆ. ಅಲ್ಲಿಯವರೆಗೆ ಮಕ್ಕಳಿಗೆ ಈಜು ಕಲಿಸುವ ಕೆಲಸ ಗಂಡನದು, ಪರ್ಮಿಟ್ ಅರ್ಜಿಯ ಕೆಲಸ ನನ್ನದು.