ಸೂಜಿಗೆ ಮೊದಲು ಇಸಿಜಿ

ಕಲಬುರಗಿಯ ಡಯಾಲಿಸಿಸ್ ಘಟಕವೊಂದರಲ್ಲಿ ಶುಶ್ರೂಷಕಿಯಾಗಿರುವ ನಾನು, ಹೃದ್ರೋಗವೂ ಇರುವವರಿಗೆ ಸೂಜಿ ಹಾಕುವ ಮೊದಲೇ ಇಸಿಜಿ ಮಾನಿಟರ್ ಜೋಡಿಸುವುದನ್ನು ರೂಢಿ ಮಾಡಿಕೊಂಡದ್ದು ಒಂದು ಬೇಸಿಗೆಯ ಸೋಮವಾರದಿಂದ. ಅಲ್ಲಿಯವರೆಗೆ, ಡಯಾಲಿಸಿಸ್‌ಗೆಂದು ಕೈಯಲ್ಲಿ ರಕ್ತನಾಳಗಳನ್ನು ಜೋಡಿಸಿ ಮಾಡಿದ ಫಿಸ್ಟುಲಾಕ್ಕೆ ಸೂಜಿ ಹಾಕಿ, ಯಂತ್ರ ಚಾಲೂ ಮಾಡಿದ ಮೇಲಷ್ಟೇ ಮಾನಿಟರ್ ಕಡೆ ಹೋಗುತ್ತಿದ್ದೆ. ಅದು ನನ್ನ ತಪ್ಪು.

ಸೋಮ, ಬುಧ, ಶುಕ್ರ ಹೀಗೆ ವಾರಕ್ಕೆ ಮೂರು ಸಲ ಬರುವವರಿಗೆ ಶುಕ್ರವಾರದಿಂದ ಸೋಮವಾರದವರೆಗಿನ ಅಂತರವೇ ದೀರ್ಘವಾದದ್ದು. ಮೈಯಲ್ಲಿ ನೀರು, ಪೊಟ್ಯಾಸಿಯಂ ಎರಡೂ ಆಗಲೇ ಹೆಚ್ಚು ಸೇರಿರುತ್ತವೆ. ಅಂದು ಚಿತ್ತಾಪುರದ ಕಡೆಯಿಂದ ಬಂದಿದ್ದ, ಹೃದಯದ ಪಂಪಿಂಗ್ ಶೇ. 35ಕ್ಕೆ ಇಳಿದಿದ್ದ ಹಿರಿಯರೊಬ್ಬರು, “ಸಿಸ್ಟರ್, ಕಾಲಾಗ ಶಕ್ತೀನ ಇಲ್ರಿ” ಎಂದರು. ಸೂಜಿ ಬದಿಗಿಟ್ಟು ಎದೆಗೆ ಎಲೆಕ್ಟ್ರೋಡ್ ಅಂಟಿಸಿದೆ. ನಾಡಿ 42, ಇಸಿಜಿ ಗೆರೆಯಲ್ಲಿ ಪ್ರತಿ ಬಡಿತದ ಕೊನೆಗೆ ಬರುವ ಟಿ ಅಲೆಗಳು ಚೂಪಾಗಿ ಮೇಲೆದ್ದಿದ್ದವು, ಬಡಿತದ ಮುಖ್ಯ ಅಲೆಯಾದ ಕ್ಯೂಆರ್‌ಎಸ್ ಅಗಲವಾಗಿತ್ತು. ಪೊಟ್ಯಾಸಿಯಂ ಏರಿರುವ ಲಕ್ಷಣ. “ಕಾಕಾ, ಏನ್ ಕುಡದೀರಿ?” ಎಂದು ಕೇಳಿದರೆ, ಬಿಸಿಲು ತಡೆಯದೆ ಭಾನುವಾರ ಎಳನೀರು ಕುಡಿದಿದ್ದರು. ಎಳನೀರಿನಲ್ಲಿ ಪೊಟ್ಯಾಸಿಯಂ ಬಹಳ. ವೈದ್ಯರು ಓಡಿ ಬಂದು ಕ್ಯಾಲ್ಸಿಯಂ ಗ್ಲುಕೋನೇಟ್ ಕೊಟ್ಟರು. ಅದು ಪೊಟ್ಯಾಸಿಯಂ ಇಳಿಸುವುದಿಲ್ಲ, ಸ್ವಲ್ಪ ಹೊತ್ತು ಹೃದಯವನ್ನು ಕಾಯುತ್ತದೆ. ಇಳಿಸುವ ಕೆಲಸ ಡಯಾಲಿಸಿಸ್‌ನದೇ. ಆದರೆ ಅತಿ ವೇಗವಾಗಿ ಇಳಿದರೂ ಬಡಿತ ತಪ್ಪುವುದರಿಂದ, ನಾನು ಪರದೆ ಬಿಟ್ಟು ಕದಲಲಿಲ್ಲ.

ನೀರು ತೆಗೆಯುವ ಲೆಕ್ಕವೂ ಹೃದಯದ ಲೆಕ್ಕವೇ. ಅವರ ಒಣ ತೂಕ, ಅಂದರೆ ಮೈಯಲ್ಲಿ ಹೆಚ್ಚುವರಿ ನೀರಿಲ್ಲದಾಗಿನ ತೂಕ, 52 ಕಿಲೋ, ಏರಿದ್ದು 3.2 ಕಿಲೋ. ನಾಲ್ಕು ಗಂಟೆಯಲ್ಲಿ ತೆಗೆದರೆ ಗಂಟೆಗೆ, ಕಿಲೋ ತೂಕಕ್ಕೆ 15 ಮಿ.ಲೀ. ದಾಟುತ್ತದೆ, ನಾವು 13ರ ಒಳಗಿರಲು ನೋಡುತ್ತೇವೆ, ಏಕೆಂದರೆ ಅವಸರ ಮಾಡಿದರೆ ಬಿಪಿ ಕುಸಿದು, ಮೊದಲೇ ದಣಿದ ಹೃದಯಕ್ಕೆ ರಕ್ತ ಸಾಲದಾಗುತ್ತದೆ. ವೈದ್ಯರು ಅವಧಿಯನ್ನು ಐದು ಗಂಟೆಗೆ ಏರಿಸಿದರು. ಬಿಪಿಯನ್ನು ಫಿಸ್ಟುಲಾ ಇಲ್ಲದ ಕೈಯಲ್ಲಿ ಹದಿನೈದು ನಿಮಿಷಕ್ಕೊಮ್ಮೆ ನೋಡಿದೆ.

ನಮ್ಮೂರ ಬಿಸಿಲಿಗೆ ಬೆವರಿ ಎಲೆಕ್ಟ್ರೋಡ್ ಸಡಿಲವಾದರೆ ಪರದೆಯ ಮೇಲಿನ ಗೆರೆ ಏರುಪೇರಾಗಿ ಬಡಿತವೇ ತಪ್ಪಿದಂತೆ ಕಾಣುತ್ತದೆ. ಆದ್ದರಿಂದ ಚರ್ಮವನ್ನು ಒರೆಸಿ, ಒಣಗಿಸಿಯೇ ಅಂಟಿಸುತ್ತೇನೆ. ಗೆರೆ ಹಾಗೆ ಕಂಡಾಗಲೂ ಮೊದಲು ನಾಡಿ ಹಿಡಿದು ನೋಡುತ್ತೇನೆ, ಆಮೇಲೆ ತಂತಿ.

ಕಾಕಾ ಅವರ ಗೆರೆ ಸರಿಹೋದ ಮೇಲೆ ತೆಗೆದ ಇಸಿಜಿಯನ್ನು ಅವರ ಫೈಲಿನ ಮೊದಲ ಪುಟಕ್ಕೆ ಅಂಟಿಸಿದೆ. ಈಗ ಪ್ರತಿ ಸೋಮವಾರ ಪರದೆಯನ್ನು ಆ ಪುಟದ ಪಕ್ಕದಲ್ಲಿಟ್ಟು ಹೋಲಿಸಿದ ನಂತರವೇ ಸೂಜಿ ಕೈಗೆತ್ತಿಕೊಳ್ಳುತ್ತೇನೆ.