ಮಳೆಯ ಮೇಲೆ ಎಂ.ಎಸ್ಸಿ. ಪ್ರಾಜೆಕ್ಟ್ ಮಾಡುವವರಿಗೆ

ವಾತಾವರಣ ವಿಜ್ಞಾನದಲ್ಲಿ ಈ ವರ್ಷ ಪ್ರಾಜೆಕ್ಟ್ ಹಿಡಿಯುತ್ತಿರುವವರು ದಯವಿಟ್ಟು ವಿಷಯವನ್ನು ಕಿರಿದು ಮಾಡಿಕೊಳ್ಳಿ. 'ಕರ್ನಾಟಕ ಮತ್ತು ಹವಾಮಾನ ಬದಲಾವಣೆ' ಒಂದು ಸೆಮಿಸ್ಟರ್‌ಗೆ ದಕ್ಕುವುದಿಲ್ಲ. ಬೆಂಗಳೂರಿನ ಏಪ್ರಿಲ್-ಮೇ ಗುಡುಗುಮಳೆ ಯಾವ ಹೊತ್ತಿನಲ್ಲಿ ಹೆಚ್ಚು ಎಂಬುದು ದಕ್ಕುತ್ತದೆ.

ಹವಾಮಾನ ಇಲಾಖೆಯ ದೈನಿಕ ಮಳೆಯ ಗ್ರಿಡ್ ದತ್ತಾಂಶ (ನಕ್ಷೆಯನ್ನು ಚೌಕಗಳಾಗಿ ಹಂಚಿ ಪ್ರತಿ ಚೌಕಕ್ಕೆ ಕೊಟ್ಟ ಮಳೆಯ ಲೆಕ್ಕ) 1901ರಿಂದ ಸಿಗುತ್ತದೆ. ಆದರೆ ಅದರ ಒಂದು ಚೌಕ 0.25 ಡಿಗ್ರಿ, ಅಂದರೆ ಸುಮಾರು 27 ಕಿ.ಮೀ. ಯಲಹಂಕದಲ್ಲಿ ಸುರಿದು ಬೆಳ್ಳಂದೂರಿನಲ್ಲಿ ಸುರಿಯದ ಮಳೆಯನ್ನು ಅದರಲ್ಲಿ ಹುಡುಕಬೇಡಿ. ಅದಕ್ಕೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳ ಲೆಕ್ಕ ಬೇಕು. ಮಾರ್ಗದರ್ಶಕರ ಸಹಿ ಹಾಕಿಸಿ ಕೋರಿಕೆ ಪತ್ರವನ್ನು ಮೊದಲ ವಾರವೇ ಕೊಟ್ಟುಬಿಡಿ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ದಿನಾಂಕ. ಇಲಾಖೆಯ 'ದಿನ' ಮುಗಿಯುವುದು ಬೆಳಿಗ್ಗೆ 8.30ಕ್ಕೆ. 2022ರ ಸೆಪ್ಟೆಂಬರ್ 4ರ ರಾತ್ರಿ ನಗರವನ್ನು ಮುಳುಗಿಸಿದ ಮಳೆ 5ನೇ ತಾರೀಖಿನ ಲೆಕ್ಕದಲ್ಲಿದೆ. ಇಆರ್‌ಎ5 ಎಂಬುದು ಯುರೋಪಿನ ಹವಾಮಾನ ಕೇಂದ್ರವು ವೀಕ್ಷಣೆ ಮತ್ತು ಕಂಪ್ಯೂಟರ್ ಮಾದರಿ ಸೇರಿಸಿ ತಯಾರಿಸಿದ ಪ್ರತಿ ಗಂಟೆಯ ದತ್ತಾಂಶ. ಅದರ ಗಡಿಯಾರ ಯುಟಿಸಿ, ಅಂದರೆ ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ಅಂತರರಾಷ್ಟ್ರೀಯ ಸಮಯ. ಎರಡನ್ನೂ ಹಾಗೆಯೇ ಪಕ್ಕಪಕ್ಕ ಇಟ್ಟರೆ ನಮ್ಮೂರಿನ ಸಂಜೆ ಮಳೆಗಳೆಲ್ಲ ಒಂದು ದಿನ ಆಚೀಚೆಯಾಗಿ, ಇಲ್ಲದ ದೋಷ ಕಾಣಿಸುತ್ತದೆ. ಗಂಟೆಯ ಮಳೆಯನ್ನು ಹಿಂದಿನ ದಿನದ 03 ಯುಟಿಸಿಯಿಂದ (ನಮ್ಮ ಬೆಳಿಗ್ಗೆ 8.30) ಆ ದಿನದ 03 ಯುಟಿಸಿವರೆಗೆ ಕೂಡಿಸಿ. ಇಆರ್‌ಎ5 ಮಳೆ ಮೀಟರ್‌ನಲ್ಲಿರುತ್ತದೆ, ಸಾವಿರದಿಂದ ಗುಣಿಸಿ ಮಿಲಿಮೀಟರ್ ಮಾಡಿಕೊಳ್ಳಿ. ಆಮೇಲೆ ಆ ಸೆಪ್ಟೆಂಬರ್ ಮಳೆಯೊಂದನ್ನೇ ನಕ್ಷೆಯಲ್ಲಿ ಬಿಡಿಸಿ, ತಾರೀಖು ಕೂಡಿಬಂದ ಮೇಲಷ್ಟೇ ಮೂವತ್ತು ವರ್ಷದ ಲೆಕ್ಕಕ್ಕೆ ಕೈ ಹಾಕಿ.