ಡೈರಿ ಚೀಟಿ ಹಿಡಿದು ಲ್ಯಾಬಿಗೆ ಹೋದೆವು: ಗಣಿತದ ಅವಧಿಯಲ್ಲಿ ನನ್ನ ಅನುಭವ

ಹಾಸನ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಗಣಿತ ಬೋಧಿಸುತ್ತಾ ನನಗೆ ಹದಿನಾರು ವರ್ಷಗಳಾದವು. ಮಕ್ಕಳಲ್ಲಿ ಉನ್ನತ ಮಟ್ಟದ ಆಲೋಚನೆ ಬೆಳೆಸಬೇಕು, ತಂತ್ರಜ್ಞಾನವನ್ನು ಪಾಠದೊಳಗೆ ತರಬೇಕು ಎಂಬ ಮಾತು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನಿಂದ 2020ರ ಶಿಕ್ಷಣ ನೀತಿಯವರೆಗೆ ಎಲ್ಲ ತರಬೇತಿಗಳಲ್ಲೂ ನಮ್ಮ ಕಿವಿಗೆ ಬಿದ್ದಿದೆ. ಆದ್ದರಿಂದ ಅದರ ಪೀಠಿಕೆಯನ್ನು ಇಲ್ಲಿ ಬಿಡುತ್ತೇನೆ. ಮೂರು ಸಲ ಸೋತು ನಾಲ್ಕನೆಯ ಸಲ ನಮ್ಮ ಶಾಲೆಯಲ್ಲಿ ಅದು ಹೇಗೆ ನಿಂತಿತು ಎಂಬುದನ್ನಷ್ಟೇ ಬರೆಯುತ್ತೇನೆ. ಇದು ಆಗುವ ಕೆಲಸವಲ್ಲ ಎಂದು ಸ್ಟಾಫ್ ರೂಮಿನಲ್ಲಿ ನನಗೆ ಹೇಳಿದವರೇ ಈಗ ತಮ್ಮ ವಿಷಯಕ್ಕೆ ಇದನ್ನು ಹೊಂದಿಸಿಕೊಳ್ಳುವುದು ಹೇಗೆಂದು ಕೇಳುತ್ತಿರುವುದರಿಂದ, ಬರೆಯುವ ಧೈರ್ಯ ಬಂದಿದೆ.

ಮೊದಲ ಪ್ರಯತ್ನ 2017ರಲ್ಲಿ. ಸುಮಾರು 14,000 ರೂಪಾಯಿ ಕೊಟ್ಟು ಒಂದು ಸೆಕೆಂಡ್ ಹ್ಯಾಂಡ್ ಪ್ರೊಜೆಕ್ಟರ್ ತಂದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನನ್ನ ಸಂಬಳದ ಹಣ. ತ್ರಿಭುಜಗಳ ಮೇಲಿನ ವಿಡಿಯೊಗಳನ್ನು ಹಾಕಿದಾಗ ಮಕ್ಕಳು ಸದ್ದಿಲ್ಲದೆ ನೋಡಿದರು, ಇಷ್ಟಪಟ್ಟರು, ಮರುದಿನ ಕೇಳಿದರೆ ಒಬ್ಬರ ಬಾಯಲ್ಲೂ ಒಂದು ಕಾರಣ ಬರಲಿಲ್ಲ. ವರ್ಷ ಕಳೆದು ಒಂದೆರಡು ತಿಂಗಳಲ್ಲೇ ಬಲ್ಬ್ ಹೋಯಿತು, ಹೊಸದಕ್ಕೆ 4,500 ಕೇಳಿದರು, ನಾನು ಹಾಕಿಸಲಿಲ್ಲ.

ಎರಡನೆಯದು ಜಿಯೋಜೀಬ್ರಾ, ಪರದೆಯ ಮೇಲೆ ಆಕೃತಿ ಬಿಡಿಸಿ ಎಳೆದು ಬದಲಿಸಬಹುದಾದ ಗಣಿತದ ಸಾಫ್ಟ್‌ವೇರ್. ಅದರ ಮೇಲೆ ನನಗೆ ಅಪಾರ ನಂಬಿಕೆಯಿತ್ತು, ಈಗಲೂ ಇದೆ. ಅರ್ಧವೃತ್ತದಲ್ಲಿನ ಕೋನವನ್ನು ತೆಗೆದುಕೊಂಡು, ಪರಿಧಿಯ ಮೇಲಿನ ಬಿಂದುವನ್ನು ಎಲ್ಲಿಗೆ ಎಳೆದರೂ 90 ಡಿಗ್ರಿ ಕದಲದೆ ನಿಲ್ಲುವುದನ್ನು ತೋರಿಸಿದೆ. ಏಕೆ ಹಾಗೆ ಎಂದು ಕೇಳಿದಾಗ ಮುಂದಿನ ಬೆಂಚಿನ ಚುರುಕು ಹುಡುಗನೊಬ್ಬ, "ಕಂಪ್ಯೂಟರೇ ತೋರಿಸ್ತಲ್ಲ ಸಾರ್" ಎಂದ. ಆ ಉತ್ತರ ನನ್ನನ್ನು ಬಹಳ ದಿನ ಕಾಡಿತು. ಏಕೆಂದು ತರ್ಕದಿಂದ ಸಾಧಿಸಿ ತೋರಿಸಬೇಕಾದ ಜಾಗದಲ್ಲಿ ನಾನು ಪರದೆಯನ್ನು ಸಾಕ್ಷಿಯಾಗಿ ತಂದು ನಿಲ್ಲಿಸಿದ್ದೆ. ಮಗುವಿಗೆ ಅನುಮಾನಪಡುವ ಅವಕಾಶವೇ ಉಳಿದಿರಲಿಲ್ಲ. ಅಂದಿನಿಂದ ನಮ್ಮ ಲ್ಯಾಬಿನಲ್ಲಿ ಒಂದು ನಿಯಮವಿದೆ: ಏನಾಗುತ್ತದೆ, ಏಕಾಗುತ್ತದೆ ಎಂಬ ಊಹೆಯನ್ನು ಪುಸ್ತಕದಲ್ಲಿ ಪೆನ್ನಿನಿಂದ ಬರೆದ ಮೇಲೆಯೇ ಮೌಸ್ ಮುಟ್ಟಬೇಕು. ಪೆನ್ಸಿಲ್ ಬೇಡ, ಏಕೆಂದರೆ ಉತ್ತರ ಕಂಡ ಕೂಡಲೇ ಊಹೆಯನ್ನು ಅಳಿಸಿಬಿಡುತ್ತಾರೆ.

ಮೂರನೆಯ ಪ್ರಯತ್ನವೇ ಹೆಚ್ಚು ಪೆಟ್ಟು ಕೊಟ್ಟಿದ್ದು. ಮಕ್ಕಳೇ ಕೈಯಾರೆ ಮಾಡಲಿ ಎಂದು 10ನೇ ತರಗತಿಯನ್ನೇ ಲ್ಯಾಬಿಗೆ ಕರೆದೊಯ್ದೆ. ಅರವತ್ತರ ಹತ್ತಿರ ಮಕ್ಕಳು, ನಡೆಯುವ ಸ್ಥಿತಿಯಲ್ಲಿದ್ದವು ನಾಲ್ಕು ಕಂಪ್ಯೂಟರ್, ಅದರ ಮೇಲೆ ಮಧ್ಯಾಹ್ನ ಕರೆಂಟ್ ಹೋದರೆ ಯುಪಿಎಸ್ ಐದು ನಿಮಿಷವೂ ತಡೆಯುತ್ತಿರಲಿಲ್ಲ. ಆ ವರ್ಷ ನನ್ನ ವಿಷಯದ ಎಸ್ಸೆಸ್ಸೆಲ್ಸಿ ಫಲಿತಾಂಶ ನೆನಪಿನಂತೆ ಶೇಕಡಾ 88ರಿಂದ 79ಕ್ಕೆ ಇಳಿಯಿತು. ಮೇಲಿನಿಂದ ಲಿಖಿತ ವಿವರಣೆ ಕೇಳಿದರು, ಕೊಟ್ಟೆ. ಪಾಸಿಂಗ್ ಪ್ಯಾಕೇಜ್, ಅಂದರೆ ಪಾಸಾಗಲು ಬೇಕಾದಷ್ಟು ಪಾಠಗಳ ಅಭ್ಯಾಸ, ಮಾಡಿಸುವುದನ್ನು ಬಿಟ್ಟು ಆಟವಾಡಿಸಿದ್ದಕ್ಕೆ ಹೀಗಾಯಿತು ಎಂಬ ಮಾತೂ ಬಂತು. ಆ ಮಾತಿನಲ್ಲಿ ಒಂದಿಷ್ಟು ಸತ್ಯವಿತ್ತು ಎಂದು ಒಪ್ಪುತ್ತೇನೆ: 10ನೇ ತರಗತಿಯಲ್ಲಿ ಇದನ್ನು ಶುರು ಮಾಡಲು ಸಮಯವಿಲ್ಲ. 9ರಲ್ಲಿ ಶುರು ಮಾಡಿ 10ರಲ್ಲಿ ಅದರ ಫಲ ತೆಗೆದುಕೊಳ್ಳಬೇಕು. ಡಿಸೆಂಬರ್ ನಂತರ ಹಿಂದುಳಿದ ಮಕ್ಕಳಿಗೆ ಪಾಸಿಂಗ್ ಪ್ಯಾಕೇಜನ್ನು ನಾನು ಈಗಲೂ ಬಿಡದೆ ಮಾಡಿಸುತ್ತೇನೆ.

ಕೋವಿಡ್ ಮುಗಿದು ಶಾಲೆ ತೆರೆದ ಮೇಲೆ ನಾಲ್ಕನೆಯ ಸಲ ಕೈಹಾಕಿದೆ. ಈ ಬಾರಿ ಸಾಫ್ಟ್‌ವೇರನ್ನು ಬದಿಗಿಟ್ಟು ಮೊದಲು ಪ್ರಶ್ನೆಯನ್ನು ಹುಡುಕಿದೆ. ನಮ್ಮೂರಿನ ಬಹುಪಾಲು ಮಕ್ಕಳ ಮನೆಯಲ್ಲಿ ಹಸುವಿದೆ, ಬೆಳಿಗ್ಗೆ ಮತ್ತು ಸಂಜೆ ಡೈರಿಗೆ ಹಾಲು ಹೋಗುತ್ತದೆ, ಪ್ರತಿ ಸಲವೂ ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿ ಉಳಿಯುವ ಘನಾಂಶ), ದರ ಇರುವ ಒಂದು ಚೀಟಿ ಬರುತ್ತದೆ. ಮನೆಯ ಗೋಡೆಯ ಮೊಳೆಗೆ ಸಿಕ್ಕಿಸಿಟ್ಟ ಆ ಚೀಟಿಗಳನ್ನೇ ತರಲು ಹೇಳಿದೆ. ಆರಂಭದಲ್ಲಿ ಎರಡು ಕಡೆಯಿಂದ ವಿರೋಧ ಬಂತು. ಡೈರಿಯ ಲೆಕ್ಕ ಕಲಿಯಲು ಸ್ಕೂಲಿಗೆ ಕಳಿಸಬೇಕೇ ಎಂದು ಕೆಲವು ಪೋಷಕರು ಕೇಳಿದರು. ಡೈರಿಯಲ್ಲಿ ಕೆಲಸ ಮಾಡುವವರಿಗೆ ತಮ್ಮ ಲೆಕ್ಕವನ್ನು ಶಾಲೆಯವರು ತಪಾಸಣೆ ಮಾಡುತ್ತಿದ್ದಾರೆ ಎನಿಸಿತು. ಹೆಸರು, ಸದಸ್ಯತ್ವದ ಸಂಖ್ಯೆ ಎರಡನ್ನೂ ತೆಗೆದು ಮನೆಗೊಂದು ಗುರುತಿನ ಅಂಕಿ ಕೊಟ್ಟ ಮೇಲೆ ಆ ಅಸಮಾಧಾನ ತಣ್ಣಗಾಯಿತು.

ಚೀಟಿಗಳನ್ನು ಲಿಬ್ರೆ ಆಫೀಸ್ ಕ್ಯಾಲ್ಕ್ ಎಂಬ ಕೋಷ್ಟಕದ ಸಾಫ್ಟ್‌ವೇರಿನಲ್ಲಿ ತುಂಬಿದೆವು. ಒಂದು ದಿನದ ಸರಾಸರಿ ಫ್ಯಾಟ್ ಎಷ್ಟು ಎಂಬುದು ನಾನು ಕೊಟ್ಟ ಸರಳ ಪ್ರಶ್ನೆ. ಒಂದು ಗುಂಪಿನ ಚೀಟಿಯಲ್ಲಿ ಬೆಳಿಗ್ಗೆ 6 ಲೀಟರ್, ಫ್ಯಾಟ್ 3.4, ಸಂಜೆ 4 ಲೀಟರ್, ಫ್ಯಾಟ್ 4.2 ಇತ್ತು. ಎವರೇಜ್ ಫಂಕ್ಷನ್ ಒತ್ತಿದರೆ 3.8 ಬಂತು, ಎಲ್ಲರೂ ಬರೆದುಕೊಂಡರು. ಕೊನೆಯ ಸಾಲಿನಲ್ಲಿ ಕೂರುವ, ವರ್ಷವಿಡೀ ಒಂದು ಮಾತೂ ಆಡಿರದ ಹುಡುಗಿಯೊಬ್ಬಳು, "ಬೆಳಿಗ್ಗೆ ಹಾಲು ಜಾಸ್ತಿ ಇದೆಯಲ್ಲ ಸಾರ್, ಎರಡನ್ನೂ ಒಂದೇ ಕ್ಯಾನಿಗೆ ಸುರಿದರೆ ಅಷ್ಟು ಬರಲ್ಲ" ಎಂದಳು. ನಾನು ಸರಿ ತಪ್ಪು ಏನೂ ಹೇಳದೆ, ಹಾಗಾದರೆ ಎಷ್ಟು ಬರುತ್ತದೆ ತೋರಿಸು ಎಂದೆ. ಉಳಿದ ಅವಧಿಯೆಲ್ಲ ತರಗತಿ ಅದರ ಮೇಲೆಯೇ ಹೋಯಿತು. ಲೀಟರಿನಿಂದ ಫ್ಯಾಟನ್ನು ಗುಣಿಸಿದರು, 20.4 ಮತ್ತು 16.8 ಬಂತು, ಕೂಡಿಸಿ 10 ಲೀಟರಿಗೆ ಭಾಗಿಸಿದರು, 3.72 ಎಂದರು. ಮುಂದಿನ ವರ್ಷ 10ರಲ್ಲಿ ವರ್ಗೀಕೃತ ದತ್ತಾಂಶದ ಸರಾಸರಿಗೆ ಆವೃತ್ತಿಯಿಂದ ಗುಣಿಸಿ, ಗುಣಲಬ್ಧಗಳನ್ನೆಲ್ಲ ಕೂಡಿಸಿ, ಒಟ್ಟು ಆವೃತ್ತಿಯಿಂದ ಭಾಗಿಸಬೇಕು ಎಂಬ ಸೂತ್ರ ಬಂದಾಗ, ಆ ತಂಡದ ಮಕ್ಕಳಿಗೆ ನಾನು ಸೂತ್ರವನ್ನು ಬಾಯಿಪಾಠ ಮಾಡಿಸಲಿಲ್ಲ. ಆವೃತ್ತಿ ಎಂದರೆ ಲೀಟರ್ ಎಂದು ಅವರೇ ಹೇಳಿದರು.

ಅದರ ಬೆನ್ನಿಗೇ ಸಂಜೆಯ ಹಾಲಿನಲ್ಲಿ ಫ್ಯಾಟ್ ಏಕೆ ಹೆಚ್ಚು ಎಂಬ ಪ್ರಶ್ನೆ ಮಕ್ಕಳಿಂದಲೇ ಎದ್ದಿತು. ನಲವತ್ತು ಚಿಲ್ಲರೆ ಮನೆಗಳ ಅಂಕಿಗಳನ್ನು ಗ್ರಾಫ್ ಮಾಡಿದಾಗ ಹೆಚ್ಚು ಕಡಿಮೆ ಎಲ್ಲ ಮನೆಯಲ್ಲೂ ಅದೇ ಕಂಡಿತು. ಹಸು ಹಗಲು ಓಡಾಡುವುದರಿಂದ ಎಂದು ಒಂದು ಗುಂಪು ವಾದಿಸಿತು. ಇನ್ನೊಂದು ಗುಂಪು ಹಾಲು ಕರೆಯುವ ಹೊತ್ತನ್ನು ಬರೆದು ತಂದಿತು: ಸಂಜೆಯಿಂದ ಬೆಳಗಿನವರೆಗೆ ಅಂತರ ಉದ್ದ, ಹಾಲು ಹೆಚ್ಚು, ಫ್ಯಾಟ್ ತೆಳು, ಬೆಳಗಿನಿಂದ ಸಂಜೆಯವರೆಗೆ ಅಂತರ ಕಡಿಮೆ, ಹಾಲು ಕಡಿಮೆ, ಫ್ಯಾಟ್ ಹೆಚ್ಚು. ಪಶುವೈದ್ಯರನ್ನು ಕೇಳಿ ಬಂದು ಎರಡನೆಯ ಗುಂಪು ಗೆದ್ದಿತು. ಉನ್ನತ ಮಟ್ಟದ ಆಲೋಚನೆಯ ಹೆಸರಿನಲ್ಲಿ ವಿಶ್ಲೇಷಣೆ, ಮೌಲ್ಯಮಾಪನ ಎಂದು ಪಾಠಯೋಜನೆಯಲ್ಲಿ ಬರೆದು ಸುಮ್ಮನಾಗುತ್ತಿದ್ದ ಪದಗಳು ನನ್ನ ಕಣ್ಣೆದುರು ನಡೆದಾಗ ಆದ ಸಂತೋಷವನ್ನು ಮರೆಯಲಾರೆ.

ವ್ಯವಸ್ಥೆಯ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇನೆ. ಹಳೆಯ ಏಳು ಕಂಪ್ಯೂಟರ್‌ಗಳಿಗೆ ಎಸ್‌ಎಸ್‌ಡಿ ಎಂಬ ವೇಗದ ಡಿಸ್ಕ್ ಹಾಕಿಸಿ ಉಬುಂಟು ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಇಳಿಸಿದೆ, ತಲಾ 1,300ರಂತೆ ಒಂಬತ್ತು ಸಾವಿರ. ಬ್ಯಾಟರಿಗೆ 11,000 ಆಯಿತು, ಅದನ್ನು ಹಳೆಯ ವಿದ್ಯಾರ್ಥಿಗಳು ಕೊಟ್ಟರು. ಪ್ರಿಂಟು, ಪುಸ್ತಕ ಎಲ್ಲ ಸೇರಿ ಏಳೆಂಟು ಸಾವಿರ. ವ್ಯರ್ಥವಾದ ಪ್ರೊಜೆಕ್ಟರನ್ನೂ ಲೆಕ್ಕ ಹಿಡಿದರೆ ಒಟ್ಟು 42,000ದ ಆಸುಪಾಸು. ಕರೆಂಟ್ ನಿಲ್ಲುವುದು ಮಧ್ಯಾಹ್ನವಾದ್ದರಿಂದ ಗಣಿತವನ್ನು ವಾರಕ್ಕೆ ಎರಡು ದಿನ ಮೊದಲ ಅವಧಿಗೆ ತಂದೆವು. ಅರ್ಧ ತರಗತಿ ಲ್ಯಾಬಿನಲ್ಲಿದ್ದರೆ ಉಳಿದರ್ಧ ಹೊರಗಿನ ಜಗುಲಿಯಲ್ಲಿ ಕಾಗದದ ಮೇಲೆ ಕೋಷ್ಟಕ ಮಾಡುತ್ತದೆ. ಒಂದು ಯಂತ್ರಕ್ಕೆ ನಾಲ್ವರು: ಒಬ್ಬರು ಚೀಟಿ ಓದುವವರು, ಒಬ್ಬರು ಒತ್ತುವವರು, ಒಬ್ಬರು ಬರೆಯುವವರು, ಒಬ್ಬರು ಅನುಮಾನ ಎತ್ತುವವರು; ವಾರವಾರ ಕೆಲಸ ಬದಲು. ಆ ನಾಲ್ವರನ್ನು ಯಾವ ಲೆಕ್ಕದಲ್ಲಿ ಜೋಡಿಸುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಅದನ್ನು ಕಂಡುಕೊಳ್ಳಲು ನನಗೆ ಎರಡು ವರ್ಷ ಹಿಡಿದಿದೆ.

ಎಲ್ಲಕ್ಕಿಂತ ಮುಖ್ಯವಾದ ಬದಲಾವಣೆ ಆಗಿದ್ದು ಕಾಗದದ ಮೇಲೆ. ಈ ಚಟುವಟಿಕೆಗಳನ್ನು ಜೂನ್ ತಿಂಗಳಲ್ಲೇ ವಾರ್ಷಿಕ ಪಾಠ ಹಂಚಿಕೆಯಲ್ಲಿ ಸೇರಿಸಿದೆ, ರೂಪಣಾತ್ಮಕ ಮೌಲ್ಯಮಾಪನದ, ಅಂದರೆ ಕಲಿಕೆಯ ನಡುನಡುವೆ ನಡೆಯುವ ಮೌಲ್ಯಮಾಪನದ, ಚಟುವಟಿಕೆಗಳಾಗಿ ಅಂಕ ಕೊಟ್ಟೆ, ಕಿರು ಪರೀಕ್ಷೆಯಲ್ಲಿ ಕಾರಣ ಕೇಳುವ ಒಂದು ಪ್ರಶ್ನೆಯನ್ನು ಕಡ್ಡಾಯ ಮಾಡಿದೆ. ಅಂಕವಿಲ್ಲದ ಕೆಲಸವನ್ನು ಮಕ್ಕಳೂ ನಂಬುವುದಿಲ್ಲ, ಪೋಷಕರೂ ನಂಬುವುದಿಲ್ಲ. ಮೊದಲ ವರ್ಷ ಆ ಪ್ರಶ್ನೆಯನ್ನು ಮುಟ್ಟಿದವರು ಐವತ್ತಾರರಲ್ಲಿ ಎಂಟೋ ಒಂಬತ್ತೋ ಜನ. ಕಳೆದ ವರ್ಷ ನಲವತ್ತು ದಾಟಿದರು. ಎಸ್ಸೆಸ್ಸೆಲ್ಸಿಯ 80 ಅಂಕದ ಪತ್ರಿಕೆಯ ಕೊನೆಯಲ್ಲಿ ಬರುವ ನಾಲ್ಕೈದು ಅಂಕದ ಪ್ರಶ್ನೆಗಳನ್ನು ನಮ್ಮ ಮಕ್ಕಳು ಹಿಂದೆ ಓದದೆಯೇ ಬಿಡುತ್ತಿದ್ದರು, ಈಗ ಅರ್ಧದಷ್ಟಾದರೂ ಬಿಡಿಸಿ ಬರುತ್ತಾರೆ. ಫಲಿತಾಂಶ ಮತ್ತೆ ಏರಿ ಶೇಕಡಾ 90 ದಾಟಿದೆ.

ನಡುವೆ ಬೇರೆ ಪ್ರಯೋಗವನ್ನೂ ಮಾಡಿದೆ. ಕೋನಮಾಪಕಕ್ಕೆ ದಾರ ಕಟ್ಟಿ ತೆಂಗಿನ ಮರದ ಎತ್ತರ ಅಳೆದದ್ದು ಚೆನ್ನಾಗಿ ನಡೆಯಿತು. ನೋಡುವವನ ಕಣ್ಣಿನ ಎತ್ತರವನ್ನು ಕೂಡಿಸಲು ಎಲ್ಲ ಗುಂಪುಗಳೂ ಮರೆತಿದ್ದವು, ಕಾಯಿ ಕೀಳುವವರು ಮರ ಹತ್ತಿ ಹಗ್ಗ ಇಳಿಬಿಟ್ಟಾಗ ತಪ್ಪು ತಾನಾಗಿಯೇ ಸಿಕ್ಕಿತು. ಚಾಟ್‌ಜಿಪಿಟಿ ಕೊಟ್ಟ ಉತ್ತರದಲ್ಲಿ ತಪ್ಪು ಹುಡುಕಿಸುವ ಪ್ರಯೋಗ ಇನ್ನೂ ಹಿಡಿತಕ್ಕೆ ಬಂದಿಲ್ಲ. ಅಚ್ಚುಕಟ್ಟಾಗಿ ಬರೆದದ್ದೆಲ್ಲ ಸರಿಯೆಂದು ಮಕ್ಕಳು ಒಪ್ಪಿಬಿಡುತ್ತಾರೆ.

ಡೈರಿಯ ಕಡತ ಈಗ ನಾಲ್ಕನೆಯ ತಂಡದ ಕೈಯಲ್ಲಿದೆ. ಬೇಸಿಗೆಯ ರಜೆಯಲ್ಲಿ ಚೀಟಿ ಕೂಡಿಟ್ಟ ಮಕ್ಕಳು ಏಪ್ರಿಲ್, ಮೇ ತಿಂಗಳಲ್ಲಿ ಫ್ಯಾಟ್ ಇಳಿದಿರುವುದನ್ನು ಗುರುತಿಸಿದ್ದಾರೆ. ಬಿಸಿಲಿನಿಂದ ಎಂದು ಅರ್ಧ ಜನ, ಒಣಮೇವು ಮುಗಿದು ಬೇರೆ ಮೇವು ಹಾಕಿದ್ದರಿಂದ ಎಂದು ಇನ್ನರ್ಧ ಜನ ಹೇಳುತ್ತಿದ್ದಾರೆ, ಇರುವ ಅಂಕಿಗಳಿಂದ ತೀರ್ಮಾನ ಆಗುತ್ತಿಲ್ಲ. ಆದ್ದರಿಂದ ಈ ಜೂನ್‌ನಿಂದ ಕೋಷ್ಟಕದಲ್ಲಿ ಅಂದು ಹಾಕಿದ ಮೇವಿನ ಹೆಸರಿಗೆ ಒಂದು ಕಾಲಂ ಸೇರಿಸಿದ್ದಾರೆ.